ಹನಿಕ್ರಿಸ್ಪ್ ಸೇಬಿನ ರುಚಿಯ ಗುಟ್ಟು

ಹಣ್ಣು ರುಚಿಯಾಗಿದೆ ಎಂದರೆ ಸಿಹಿಯಾಗಿದೆ ಎಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಸಿಹಿಯೊಂದೇ ರುಚಿಯಾಗಿದ್ದರೆ ಸಕ್ಕರೆ ನೀರೇ ಸಾಕಾಗುತ್ತಿತ್ತು. ಸೇಬಿನ ರುಚಿಯಲ್ಲಿ ನಾಲಿಗೆಯ ಜೊತೆಗೆ ಮೂಗು, ಹಲ್ಲು, ಕಿವಿಗಳಿಗೂ ಪಾಲಿದೆ. ಇದನ್ನು ಚೆನ್ನಾಗಿ ತೋರಿಸಿಕೊಡುವ ತಳಿ ಅಮೆರಿಕದ ‘ಹನಿಕ್ರಿಸ್ಪ್’. ಇಲ್ಲಿ ‘ಹನಿ’ ಎಂದರೆ ಇಂಗ್ಲಿಷಿನ ಜೇನು. ‘ಕ್ರಿಸ್ಪ್’ ಎಂದರೆ ಗರಿಗರಿ.

ಮೊದಲು ನಾಲಿಗೆಯ ಪಾಲನ್ನು ನೋಡೋಣ. ಸೇಬಿನಲ್ಲಿರುವ ಸಕ್ಕರೆಗಳಲ್ಲಿ ಫ್ರಕ್ಟೋಸ್ ಮುಖ್ಯವಾದುದು. ಇದು ನಾವು ಕಾಫಿಗೆ ಬೆರೆಸುವ ಸಕ್ಕರೆಗಿಂತ ಹೆಚ್ಚು ಸಿಹಿ. ಇದರೊಡನೆ ಮ್ಯಾಲಿಕ್ ಆಮ್ಲದ ಹುಳಿಯೂ ಇರುತ್ತದೆ. 1785ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ ಇದನ್ನು ಸೇಬಿನ ರಸದಿಂದಲೇ ಬೇರ್ಪಡಿಸಿದ. ಹುಳಿ ತೀರ ಕಡಿಮೆಯಾದರೆ ಹಣ್ಣು ಸಪ್ಪೆ, ಹೆಚ್ಚಾದರೆ ಹಲ್ಲು ಚುಳ್ಳೆನ್ನುತ್ತದೆ. ಹನಿಕ್ರಿಸ್ಪ್‌ನಲ್ಲಿ ಸಿಹಿಯೇ ಮುಂದು; ಹಿಂದೆ ತೆಳುವಾದ ಹುಳಿ. ಸೇಬಿನ ಪರಿಮಳವಾದರೋ ಎಸ್ಟರ್‌ಗಳೆಂಬ ಸಂಯುಕ್ತಗಳಿಂದ ಬರುತ್ತದೆ. ಮೂಗು ಮುಚ್ಚಿಕೊಂಡು ಒಂದು ಹೋಳನ್ನು ಅಗಿದು, ಬಳಿಕ ಮೂಗು ಬಿಟ್ಟು ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಆದರೆ ಹನಿಕ್ರಿಸ್ಪ್‌ಗೆ ಹೆಸರು ತಂದುದು ಅದರ ಗರಿಗರಿತನ. ಇದರ ಕಾರಣ ಜೀವಕೋಶಗಳಲ್ಲಿದೆ. ತಾಜಾ ಸೇಬಿನ ಪ್ರತಿ ಕೋಶವೂ ರಸ ತುಂಬಿ, ಗಾಳಿ ಹಾಕಿದ ಚೆಂಡಿನಂತೆ ಬಿಗಿದಿರುತ್ತದೆ. ಕೋಶ ಕೋಶಗಳನ್ನು ಪೆಕ್ಟಿನ್ ಎಂಬ ವಸ್ತು ಅಂಟಿಸಿರುತ್ತದೆ. ಹಣ್ಣು ಹಳತಾದಂತೆ ಈ ಅಂಟು ಕರಗುತ್ತದೆ. ಆಗ ಕಚ್ಚಿದರೆ ಕೋಶಗಳು ಒಡೆಯದೆ ಒಂದರಿಂದೊಂದು ಜಾರಿಕೊಳ್ಳುತ್ತವೆ. ರಸ ಒಳಗೇ ಉಳಿದು ಬಾಯಿಗೆ ಹಿಟ್ಟು ಹಿಟ್ಟು ಎನಿಸುತ್ತದೆ. ಹನಿಕ್ರಿಸ್ಪ್‌ನಲ್ಲಿ ಶೀತಗೃಹದಲ್ಲಿ ತಿಂಗಳುಗಟ್ಟಲೆ ಇಟ್ಟರೂ ಕೋಶಭಿತ್ತಿ ಸುಲಭವಾಗಿ ಸಡಿಲವಾಗುವುದಿಲ್ಲ. ಹಲ್ಲು ತಾಗಿದೊಡನೆ ಕೋಶಗಳೇ ಒಡೆದು, ಶಬ್ದವೂ ರಸವೂ ಒಟ್ಟಿಗೆ ಹೊಮ್ಮುತ್ತವೆ.

ಇಂಥ ಹಣ್ಣು ಇನ್ನೇನು ಕಸವಾಗಿ ಹೋಗುವುದರಲ್ಲಿತ್ತು ಎಂದರೆ ಆಶ್ಚರ್ಯವಾದೀತು. ಕಡುಚಳಿಯ ಮಿನೆಸೋಟ ರಾಜ್ಯದ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಮಾಡಿದ ಸಂಕರಣದಿಂದ ಹುಟ್ಟಿದ ಸಸಿ ಇದು. ಚಳಿಗೆ ಹಾನಿಗೊಂಡಿತೆಂದು 1977ರಲ್ಲಿ ಇದನ್ನು ತೆಗೆದುಹಾಕಬೇಕೆಂದು ಬರೆದಿಡಲಾಗಿತ್ತು. ಆದರೆ ಅದರಿಂದ ಕಸಿ ಮಾಡಿದ ಕೆಲವು ಗಿಡಗಳು ಉಳಿದಿದ್ದವು. 1979ರಲ್ಲಿ ಅಲ್ಲಿಗೆ ಬಂದ ವಿಜ್ಞಾನಿ ಡೇವಿಡ್ ಬೆಡ್‌ಫರ್ಡ್ ಅವುಗಳಿಗೆ ಇನ್ನೊಂದು ಅವಕಾಶ ಕೊಟ್ಟರು. ಅವು ಫಲ ಬಿಟ್ಟಾಗ ಅದರ ಬೆಲೆ ತಿಳಿಯಿತು. 1991ರಲ್ಲಿ ತಳಿ ಬೆಳೆಗಾರರ ಕೈಸೇರಿತು. 2006ರಲ್ಲಿ ಮಿನೆಸೋಟದ ರಾಜ್ಯಫಲವಾಯಿತು. ಸೇಬಿನ ಬೀಜ ಬಿತ್ತಿದರೆ ತಾಯಿಮರದಂಥ ಹಣ್ಣು ಬರುವುದಿಲ್ಲ. ಆದ್ದರಿಂದ ಲೋಕದ ಹನಿಕ್ರಿಸ್ಪ್ ಮರಗಳೆಲ್ಲ ಆ ಒಂದೇ ಸಸಿಯಿಂದ ಕಸಿಯ ಮೂಲಕ ಬಂದವು.

ಇದರ ತಂದೆತಾಯಿಗಳ ಹೆಸರೂ ದಾಖಲೆಯಲ್ಲಿ ತಪ್ಪಾಗಿತ್ತು. ‘ಮಕೌನ್’ ಮತ್ತು ‘ಹನಿಗೋಲ್ಡ್’ ಎಂದು ಬರೆದಿತ್ತು. ಡಿಎನ್‌ಎ ಪರೀಕ್ಷೆಯಲ್ಲಿ ಎರಡೂ ಅಲ್ಲವೆಂದು ತಿಳಿಯಿತು. ಒಂದು ‘ಕೀಪ್‌ಸೇಕ್’, ಇನ್ನೊಂದು ಹೆಸರೇ ಇಡದೆ ಬಿಟ್ಟಿದ್ದ, ಸಂಖ್ಯೆಯಿಂದಷ್ಟೇ ಗುರುತಿಸುತ್ತಿದ್ದ ತಳಿಯೆಂದು 2017ರಲ್ಲಿ ಖಚಿತವಾಯಿತು.

ಬೆಳೆಗಾರನಿಗೆ ಇದು ಸುಲಭದ ಮರವಲ್ಲ. ಹಣ್ಣಿಗೆ ಕ್ಯಾಲ್ಸಿಯಂ ಸಾಲದಾದರೆ ಸಿಪ್ಪೆಯ ಮೇಲೆ ಕಂದು ಗುಳಿಗಳು ಬೀಳುತ್ತವೆ. ಸಿಪ್ಪೆ ತೆಳು, ಒಂದರ ತೊಟ್ಟು ಇನ್ನೊಂದಕ್ಕೆ ಚುಚ್ಚದಂತೆ ತೊಟ್ಟುಗಳನ್ನು ಕತ್ತರಿಸಬೇಕಾಗುತ್ತದೆ. ಬೆಲೆ ಏರಲು ಇಂಥ ಆರೈಕೆಯೂ ಒಂದು ಕಾರಣ. ಈ ಗರಿಗರಿತನವನ್ನು ಸುಲಭವಾಗಿ ಬೆಳೆಯುವ ಮರಕ್ಕೆ ತರಲು ವಾಷಿಂಗ್ಟನ್ ರಾಜ್ಯದ ವಿಜ್ಞಾನಿಗಳು ಹನಿಕ್ರಿಸ್ಪ್ ಅನ್ನು ‘ಎಂಟರ್‌ಪ್ರೈಸ್’ ತಳಿಯೊಡನೆ ಕೂಡಿಸಿದರು. ಹಾಗೆ ಹುಟ್ಟಿದ ‘ಕಾಸ್ಮಿಕ್ ಕ್ರಿಸ್ಪ್’ 2019ರಲ್ಲಿ ಮಾರುಕಟ್ಟೆಗೆ ಬಂತು.

ಸೇಬನ್ನು ಬಣ್ಣ ನೋಡಿ ಆರಿಸುವುದು ನಮ್ಮ ರೂಢಿ. ಆದರೆ ಕೆಂಪು ಬಣ್ಣ ಸಿಪ್ಪೆಯ ಮಾತು. ರುಚಿಯ ಮಾತನ್ನು ಒಳಗಿನ ಕೋಶಗಳು ಹೇಳುತ್ತವೆ. ಮುಂದಿನ ಸಲ ಸೇಬು ಕಚ್ಚುವಾಗ ಅದರ ಸದ್ದನ್ನೂ ಗಮನಿಸಿ.