ಜಪಾನಿನ ‘ರ್ಯೋಕಾನ್’: ಚಾಪೆಯ ಮೇಲೊಂದು ರಾತ್ರಿ

ಜಪಾನಿಗೆ ಹೋಗಿಬರುವವರು ನಮ್ಮ ಕಡೆ ಈಗ ತೀರ ಅಪರೂಪವಲ್ಲ. ಅಲ್ಲಿ ಕೆಲಸದಲ್ಲಿರುವ ಮಗನೋ ಮಗಳೋ, ಕೊಯ್ಲು ಮುಗಿದ ಮೇಲೆ ತಂದೆತಾಯಿಯನ್ನು ಕರೆಸಿಕೊಳ್ಳುವುದುಂಟು. ಹಾಗೆ ಹೋಗುವ ಸದಸ್ಯ ಬಾಂಧವರು ಒಂದು ರಾತ್ರಿಯಾದರೂ ‘ರ್ಯೋಕಾನ್’ ಎಂಬ ಹಳೆಯ ಪದ್ಧತಿಯ ವಸತಿಗೃಹದಲ್ಲಿ ತಂಗಬೇಕು. ಟೋಕಿಯೋದ ಹೋಟೆಲು ಮುಂಬಯಿಯ ಹೋಟೆಲಿಗಿಂತ ಬೇರೆಯೇನಲ್ಲ.

ಬಾಗಿಲಲ್ಲೇ ಪಾದರಕ್ಷೆ ಬಿಡಬೇಕು. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗೆ ಓಡಾಡಲು ಅವರೇ ಚಪ್ಪಲಿ ಕೊಡುತ್ತಾರೆ; ಕೋಣೆಯ ಚಾಪೆಯನ್ನು ಮೆಟ್ಟುವ ಮೊದಲು ಅದನ್ನೂ ಕಳಚಬೇಕು. ಪಾಯಖಾನೆಗೆ ಬೇರೆಯೇ ಒಂದು ಜೊತೆ ಇರುತ್ತದೆ. ಅದನ್ನು ಮೆಟ್ಟಿಕೊಂಡೇ ಹೊರಗೆ ಬಂದರೆ ನಗೆಪಾಟಲು. ಕೋಣೆಯಲ್ಲಿ ಸಾಮಾನ್ಯವಾಗಿ ಮಂಚವಿಲ್ಲ. ಒಂದು ಗಿಡ್ಡ ಮೇಜು, ಕೂರಲು ದಿಂಬು, ಹಸಿರು ಚಹಾ, ಜೊತೆಗೊಂದು ಸಿಹಿ. ಉಡಲು ‘ಯುಕಾತಾ’ ಎಂಬ ಹತ್ತಿಯ ನಿಲುವಂಗಿ ಇಟ್ಟಿರುತ್ತಾರೆ. ಅದರ ಎಡ ಸೆರಗು ಬಲದ ಮೇಲೆ ಬರಬೇಕು. ತಿರುವುಮುರುವಾಗಿ ಉಡಿಸುವುದು ಶವಕ್ಕೆ!

ಸ್ನಾನದ ವಿಚಾರ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಂಡೆ ನೀರಿನ ಸುಖ ಬಲ್ಲ ಮಲೆನಾಡಿನವರಿಗೆ ಅದು ಬೇಗ ಹಿಡಿಸುತ್ತದೆ. ಬಿಸಿನೀರಿನ ಬುಗ್ಗೆಗಳಿರುವ ಊರುಗಳಲ್ಲಿ ಆ ನೀರನ್ನೇ ಕೊಳಕ್ಕೆ ಹಾಯಿಸಿರುತ್ತಾರೆ. ಶಾಖ ಸುಮಾರು 40ರಿಂದ 42 ಡಿಗ್ರಿ. ಆದರೆ ಕೊಳ ಇರುವುದು ಮೈ ತೊಳೆಯಲಿಕ್ಕಲ್ಲ. ಮೊದಲು ಪಕ್ಕದಲ್ಲಿ ಸಣ್ಣ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಂಡು, ನಂತರ ಕೊಳಕ್ಕಿಳಿದು ಸುಮ್ಮನೆ ಕೂರಬೇಕು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೊಳ; ಆದರೆ ಮೈಮೇಲೆ ನೂಲೂ ಇರಕೂಡದು. ಸಂಕೋಚವೆನಿಸಿದರೆ ಪ್ರತ್ಯೇಕ ಸ್ನಾನದ ಮನೆಯುಳ್ಳ ವಸತಿಯನ್ನೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಸ್ನಾನ, ಊಟ ಮುಗಿಸಿ ಬರುವಷ್ಟರಲ್ಲಿ ಚಾಪೆಯ ಮೇಲೆ ಹಾಸಿಗೆ ಸಿದ್ಧವಾಗಿರುತ್ತದೆ.

ಬಾಡಿಗೆಯನ್ನು ಹೆಚ್ಚಾಗಿ ಕೋಣೆಗಲ್ಲ, ತಲೆಗೆ ಇಷ್ಟೆಂದು ಹೇಳುತ್ತಾರೆ. ರಾತ್ರಿಯೂಟ, ಬೆಳಗಿನ ಊಟ ಎರಡೂ ಅದರಲ್ಲೇ ಸೇರಿರುವುದು ರೂಢಿ. ಭಕ್ಷೀಸು ಕೊಡುವ ಪದ್ಧತಿ ಇಲ್ಲ. ಶಾಕಾಹಾರಿಗಳಿಗೆ ಮಾತ್ರ ಒಂದು ಎಚ್ಚರಿಕೆ: ತರಕಾರಿಯೆಂದು ಕಾಣುವ ಸಾರಿಗೂ ಒಣಮೀನಿನ ರಸವೇ ತಳಹದಿ. ಕೋಣೆ ಕಾದಿರಿಸುವಾಗಲೇ ಸ್ಪಷ್ಟವಾಗಿ ತಿಳಿಸಬೇಕು. ಹೋಗಿ ಕುಳಿತ ಮೇಲೆ ಹೇಳಿದರೆ ಅವರಿಗೂ ಕಷ್ಟ, ನಮಗೂ ಉಪವಾಸ. ಇಲ್ಲವೇ ಕೋಯಾ ಬೆಟ್ಟಕ್ಕೆ ಹೋಗಬಹುದು. ಅಲ್ಲಿ ಐವತ್ತಕ್ಕೂ ಹೆಚ್ಚು ಬೌದ್ಧ ದೇವಾಲಯಗಳು ಯಾತ್ರಿಕರಿಗೆ ವಸತಿ ನೀಡುತ್ತವೆ. ಮೀನು, ಮಾಂಸ ಸೋಕದ ಮಠದ ಅಡಿಗೆ.

ಇನ್ನು ನಮ್ಮಂಥ ಬೆಳೆಗಾರರು ನೋಡಲೇಬೇಕಾದದ್ದು ಕಾಲಡಿಯ ಚಾಪೆ. ಅದರ ಹೆಸರು ‘ತತಾಮಿ’. ಒಂದೊಂದೂ ಸುಮಾರು ಆರಡಿ ಉದ್ದ, ಮೂರಡಿ ಅಗಲ. ಕೋಣೆಯ ಅಳತೆಯನ್ನೇ ಆರು ಚಾಪೆ, ಎಂಟು ಚಾಪೆ ಎಂದು ಹೇಳುತ್ತಾರೆ. ಮೇಲುಹೊದಿಕೆ ‘ಇಗುಸಾ’ ಎಂಬ ಜೊಂಡಿನದು. ಒಂದು ಚಾಪೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕಡ್ಡಿ ಬೇಕು. ಕುಮಾಮೊತೋ ಪ್ರಾಂತ್ಯದ ಯತ್ಸುಶಿರೋ ಸುತ್ತಿನ ಗದ್ದೆಗಳೇ ಇದರ ತವರು. ಚಳಿಗಾಲದ ಆರಂಭದಲ್ಲಿ ನಾಟಿ, ಜೂನ್-ಜುಲೈಯಲ್ಲಿ ಕಟಾವು. ಕೊಯ್ದ ಕೂಡಲೇ ಜೇಡಿಮಣ್ಣಿನ ರಾಡಿಯಲ್ಲಿ ಅದ್ದಿ ಒಣಗಿಸುತ್ತಾರೆ. ಚಾಪೆಯ ಬಣ್ಣಕ್ಕೂ ಹುಲ್ಲಿನ ಪರಿಮಳಕ್ಕೂ ಅದೇ ಗುಟ್ಟು.

ಈ ರೈತರ ಪಾಡು, ಅಡಿಕೆ ಆಮದಿನ ಬಿಸಿ ತಾಗಿದ ನಮಗೆ ಅಪರಿಚಿತವೇನಲ್ಲ. ಚೀನಾದ ಅಗ್ಗದ ಜೊಂಡು ಹರಿದು ಬಂದಾಗ ಜಪಾನ್ ಸರಕಾರ 2001ರ ಏಪ್ರಿಲಿನಲ್ಲಿ ಜೊಂಡು, ಅಣಬೆ, ಈರುಳ್ಳಿ ಜಾತಿಯ ಒಂದು ಸೊಪ್ಪು, ಇಷ್ಟರ ಮೇಲೆ 200 ದಿನಗಳ ತಾತ್ಕಾಲಿಕ ಸುಂಕ ಹೇರಿತು. ಚೀನಾ ಸುಮ್ಮನಿರಲಿಲ್ಲ. ಜಪಾನಿನ ಕಾರು, ಮೊಬೈಲು, ಏರ್ ಕಂಡೀಷನರುಗಳ ಮೇಲೆ ನೂರಕ್ಕೆ ನೂರು ಹೆಚ್ಚುವರಿ ಸುಂಕ ಹಾಕಿತು. ಕಾರ್ಖಾನೆಯವರ ಕೂಗು ಗದ್ದೆಯವರ ಕೂಗಿಗಿಂತ ದೊಡ್ಡದಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಮಾತುಕತೆಯಲ್ಲಿ ವಿಷಯ ಮುಗಿಯಿತು. ಕಾಯಂ ರಕ್ಷಣೆ ಬರಲೇ ಇಲ್ಲ. ಜೊಂಡು ಬೆಳೆಯುವ ಮನೆಗಳು ಕಡಿಮೆಯಾಗುತ್ತಲೇ ಹೋದವು. ಈಗ ಕಾಗದದ, ಪ್ಲಾಸ್ಟಿಕ್ಕಿನ ‘ತತಾಮಿ’ಯೂ ಬಂದಿದೆ. ಅದಕ್ಕೆ ಪರಿಮಳವೆಲ್ಲಿಯದು?

ವಸತಿಗೃಹಗಳೂ ಹಾಗೆಯೇ ಕರಗುತ್ತಿವೆ. 1980ರ ಸುಮಾರಿಗೆ 80 ಸಾವಿರಕ್ಕೂ ಹೆಚ್ಚಿದ್ದ ರ್ಯೋಕಾನುಗಳು 2017ರ ಹೊತ್ತಿಗೆ 40 ಸಾವಿರಕ್ಕಿಂತ ಕೆಳಗಿಳಿದಿದ್ದವು. ಬಹುಪಾಲು ಒಂದೊಂದು ಕುಟುಂಬ ನಡೆಸುವಂಥವು. ಮನೆಯೊಡತಿಯನ್ನು ‘ಒಕಾಮಿ’ ಎನ್ನುತ್ತಾರೆ. ಅತಿಥಿಯನ್ನು ಬರಮಾಡಿಕೊಳ್ಳುವುದರಿಂದ ಹಿಡಿದು ಬೀಳ್ಕೊಡುವವರೆಗೆ ಎಲ್ಲವೂ ಆಕೆಯ ಉಸ್ತುವಾರಿ. ಅವಳ ಸೊಸೆ ಪಟ್ಟಣದ ಕೆಲಸ ಬಿಟ್ಟು ಬರಲು ಒಪ್ಪದಿದ್ದರೆ ಬಾಗಿಲು ಮುಚ್ಚಬೇಕಾಗುತ್ತದೆ. ಗಂಡುಮಕ್ಕಳಿಲ್ಲದಾಗ ಅಳಿಯನನ್ನೇ ದತ್ತು ತೆಗೆದುಕೊಂಡು ಮನೆತನದ ಹೆಸರು ಕೊಡುವ ಕ್ರಮ ಅಲ್ಲಿ ಹಳೆಯದು. ಯಮನಾಶಿ ಪ್ರಾಂತ್ಯದ ಕೆಯುನ್‌ಕಾನ್ ಎಂಬ ರ್ಯೋಕಾನ್ ಕ್ರಿ.ಶ. 705ರಲ್ಲಿ ಆರಂಭವಾದುದೆಂದು ಹೇಳಿಕೆ. ಜಗತ್ತಿನ ಅತಿ ಹಳೆಯ ಹೋಟೆಲೆಂದು 2011ರಲ್ಲಿ ಗಿನ್ನೆಸ್ ದಾಖಲೆಗೂ ಸೇರಿತು. ಐವತ್ತೆರಡು ತಲೆಮಾರು ಒಂದೇ ಮನೆತನದ ಕೈಯಲ್ಲಿತ್ತೆಂಬ ಆ ವಸತಿಗೃಹವನ್ನು 2017ರಲ್ಲಿ ಮುಂದೆ ನಡೆಸಲು ಮನೆಯವರಾರೂ ಇರಲಿಲ್ಲ. ಅಲ್ಲೇ ಬಹುಕಾಲ ದುಡಿದ ನೌಕರರೊಬ್ಬರು ವಹಿಸಿಕೊಂಡರು.