ನಾಳಿನ ಗುರುಗಳೂ ನಮ್ಮೂರ ನೀರೂ

ಗುರುವಾಯನಕೆರೆಯಿಂದ ವೇಣೂರಿಗೆ ಹೋಗುವ ಮಾರ್ಗದಲ್ಲಿರುವ ಅಳದಂಗಡಿಯು ಅಜಿಲ ಅರಸರ ಬೀಡೆಂದು ಇತಿಹಾಸಜ್ಞರಿಗೆ ಪರಿಚಿತವಾದ ಊರು. ಆ ವಂಶದ ತಿಮ್ಮಣ್ಣಾಜಿಲನೇ 1604ರಲ್ಲಿ ಫಲ್ಗುಣಿಯ ದಡದ ವೇಣೂರಿನಲ್ಲಿ ಗೊಮ್ಮಟಮೂರ್ತಿಯನ್ನು ಪ್ರತಿಷ್ಠಾಪಿಸಿದವನು. ಅಳದಂಗಡಿಯ ಒಂದು ಮಗ್ಗುಲಿಗೆ ಉಜಿರೆಯೂ ಇನ್ನೊಂದು ಮಗ್ಗುಲಿಗೆ ಮೂಡುಬಿದಿರೆಯೂ ಇದ್ದು, ಎರಡೆಡೆಗಳಲ್ಲಿಯೂ ಬಿ.ಎಡ್. ಮಹಾವಿದ್ಯಾಲಯಗಳಿರುವುದರಿಂದ, ಮುಂದೆ ಗುರುಪೀಠವನ್ನು ಏರಬೇಕಾದ ತರುಣ ತರುಣಿಯರು ಈ ಸೀಮೆಗೆ ಹೊಸಬರಲ್ಲ. ಅಡಿಕೆ ತೋಟ, ರಬ್ಬರು, ಅಲ್ಲಲ್ಲಿ ಉಳಿದುಕೊಂಡ ಗದ್ದೆ, ನಾಗಬನ, ತೋಡು ಇವುಗಳ ನಡುವಿನ ಶಾಲೆಗಳಿಗೆ ಪಾಠ ಹೇಳಲು ಹೊರಡುವ ಇವರಿಗೆ, ಭೂಮಿಯ ಸಂಪತ್ತನ್ನು ಮುಂದಿನವರಿಗೂ ಉಳಿಯುವಂತೆ ಬಳಸುವ ವಿವೇಕವನ್ನು, ಎಂದರೆ ಇಂದು ಸುಸ್ಥಿರತೆಯೆಂದು ಕರೆಯಲ್ಪಡುವುದನ್ನು, ಮಕ್ಕಳಿಗೆ ತಿಳಿಸತಕ್ಕ ಸಾಮರ್ಥ್ಯವು ಎಲ್ಲಿಂದ ಬರಬೇಕು?

ವಿಧಿವಿಧಾನಗಳ ಕೊರತೆಯಂತೂ ಇಲ್ಲ. 1991ರ ನವೆಂಬರ್ 22ರಂದು ಎಂ.ಸಿ. ಮೆಹತಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರದ ವಿಷಯವನ್ನು ಶಾಲಾ ಕಾಲೇಜುಗಳಲ್ಲಿ ಕಡ್ಡಾಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿತು. ವಿಶ್ವಸಂಸ್ಥೆಯು 2005ರಿಂದ 2014ರವರೆಗಿನ ದಶಕವನ್ನು ಸುಸ್ಥಿರತೆಯ ಶಿಕ್ಷಣಕ್ಕೆಂದೇ ಮುಡಿಪಾಗಿಸಿತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಬಿ.ಎಡ್. ವ್ಯಾಸಂಗವನ್ನು 2 ವರ್ಷಗಳಿಗೆ ವಿಸ್ತರಿಸಿ, 20 ವಾರಗಳ ಶಾಲಾನುಭವವನ್ನು ವಿಧಿಸಿತು. ಇಷ್ಟೆಲ್ಲ ಇದ್ದರೂ ಪರಿಸರಪಾಠವೆಂದರೆ ಬೆವರುವ ಭೂಗೋಲದ ಚಿತ್ರಪಟವೊಂದು, ಜೂನ್ 5ರಂದು ಗಣ್ಯರ ಸಮಕ್ಷಮದಲ್ಲಿ ನೆಡುವ ಗಿಡವೊಂದು ಎಂಬಲ್ಲಿಗೆ ನಮ್ಮ ಕಲ್ಪನೆಯು ನಿಂತುಬಿಟ್ಟಿದೆ. ಕರಾವಳಿಯಲ್ಲಿ ಜೂನ್ ತಿಂಗಳಲ್ಲಿ ನೆಟ್ಟ ಗಿಡವನ್ನು ಮಳೆಯೇ ಸಾಕುತ್ತದೆಂಬುದೂ, ಅದಕ್ಕೆ ಮನುಷ್ಯನ ಕೈನೀರು ಬೇಕಾಗುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ ಎಂಬುದೂ, ಆಗ ಶಾಲೆಗೆ ಬೀಗ ಬಿದ್ದಿರುತ್ತದೆಂಬುದೂ ಬಲ್ಲವರಿಗೆ ತಿಳಿದ ವಿಷಯವೇ.

ಈ ಪಂಚಾಂಗದ ವೈಪರೀತ್ಯವು ಗಿಡಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಬೇಸಗೆಯ ಕಡೆಯ ದಿನಗಳಲ್ಲಿ ಬಾವಿಯ ತಳ ಕಾಣುವುದೇ ಇಲ್ಲಿನ ಪರಿಸರದ ಮುಖ್ಯ ಪ್ರಶ್ನೆಯಾಗಿದ್ದು, ಆ ಪ್ರಶ್ನೆಯು ತಲೆದೋರುವ ಕಾಲಕ್ಕೆ ಸರಿಯಾಗಿ ಮಕ್ಕಳು ಅಜ್ಜಿಮನೆಯನ್ನೂ ಪ್ರಶಿಕ್ಷಣಾರ್ಥಿಗಳು ಪರೀಕ್ಷೆಯ ಅಥವಾ ರಜೆಯ ದಿನಗಳನ್ನೂ ಸೇರಿರುತ್ತಾರೆ. ಇದಕ್ಕೆ ಪರಿಹಾರವು ದುಬಾರಿಯಾದುದೇನಲ್ಲ. ಶಾಲೆಯ ಬಾವಿಗೆ ಗೇಣಿಗೊಂದರಂತೆ ಗಂಟು ಹಾಕಿದ ಹಗ್ಗವೊಂದನ್ನು, ತುದಿಗೆ ಕಲ್ಲು ಕಟ್ಟಿ, ತಳ ಮುಟ್ಟುವವರೆಗೆ ತಿಂಗಳಿಗೊಮ್ಮೆ ಇಳಿಸಿ, ನೆನೆದ ಗಂಟುಗಳೆಷ್ಟು, ಒಣಗಿಯೇ ಮೇಲೆ ಬಂದವೆಷ್ಟು ಎಂದು ಮಕ್ಕಳಿಂದಲೇ ಎಣಿಸಿ ಗೋಡೆಯ ಮೇಲೆ ಬರೆಸಿದರೆ, ಆಷಾಢದ ತುಂಬುಬಾವಿಯು ಮಾರ್ಚಿಗೆ ಎಲ್ಲಿಗೆ ಇಳಿದಿದೆಯೆಂಬುದನ್ನು ಯಾವ ಪಠ್ಯಪುಸ್ತಕವೂ ಅಷ್ಟು ನಿಸ್ಸಂದಿಗ್ಧವಾಗಿ ಹೇಳಲಾರದು. ಗಣಿತದ ಮೇಷ್ಟ್ರಿಗೂ ಇಲ್ಲಿ ಕೆಲಸವುಂಟು: 100 ಚದರ ಮೀಟರಿನ ಹಂಚಿನ ಮಾಡಿನ ಮೇಲೆ ಒಂದು ಮಳೆಗಾಲದಲ್ಲಿ ಬೀಳುವ ನೀರು ಸುಮಾರು 4 ಲಕ್ಷ ಲೀಟರ್, ಅದು ಎಲ್ಲಿಗೆ ಹೋಯಿತೆಂಬ ಲೆಕ್ಕವನ್ನು ಬಿಡಿಸುತ್ತ ಹೋದರೆ ಅಂಗಳದಿಂದ ತೋಡಿಗೂ ತೋಡಿನಿಂದ ಫಲ್ಗುಣಿಗೂ ಅಲ್ಲಿಂದ ಕಡಲಿಗೂ ಪಾಠವು ತಾನಾಗಿ ಸಾಗುತ್ತದೆ. ಮಳೆ ನಿಂತು ತೋಡಿನ ಹರಿವು ಇಳಿದ ಮೇಲೆ ಊರವರು ಕಲ್ಲು, ಮಣ್ಣು, ಸೊಪ್ಪುಗಳಿಂದ ಹಾಕುತ್ತಿದ್ದ ಕಟ್ಟವೂ, ಗುಡ್ಡದ ಮೇಲಿನ ನೀರನ್ನು ತಡೆದು ಇಂಗಿಸುತ್ತಿದ್ದ ಮದಕವೂ ಈ ಪಾಠದ ಮಧ್ಯಭಾಗದಲ್ಲಿ ಬರತಕ್ಕವು.

ನೀರಿನ ಪಾಠವು ಇಷ್ಟು ಸರಳವಾಗಿ ಸಾಗಬಹುದಾದರೂ, ಶಿಕ್ಷಕನ ನಿಜವಾದ ಪರೀಕ್ಷೆಯಿರುವುದು ಅಡಿಕೆ ತೋಟದಲ್ಲಿ. ಕೊಳೆರೋಗದ ಭಯದಿಂದ ಪ್ರತಿ ಮಳೆಗಾಲದಲ್ಲಿಯೂ ಮೈಲುತುತ್ತನ್ನೂ ಸುಣ್ಣವನ್ನೂ ಕದಡಿ ಮದ್ದು ಬಿಡದೆ ಇಲ್ಲಿನ ಕೃಷಿಕನಿಗೆ ನಿರ್ವಾಹವಿಲ್ಲ. ವರ್ಷಾನುವರ್ಷ ಬಿಟ್ಟ ಮದ್ದಿನ ತಾಮ್ರವು ಮಣ್ಣಿನಲ್ಲಿ ಶೇಖರವಾಗುತ್ತದೆಂಬುದೂ ಸುಳ್ಳಲ್ಲ. ತೋಟಕ್ಕೆ ನೀರು ಸಾಲದಾಗ ಕೊಳವೆಬಾವಿ ಕೊರೆಸಿ ಸಾಲಗಾರನಾದವನ ಮಗಳು ಮೊದಲನೆಯ ಬೆಂಚಿನಲ್ಲಿಯೇ ಕುಳಿತಿರುತ್ತಾಳೆ. ಅವಳ ಮುಂದೆ ನಿಂತು ರಾಸಾಯನಿಕಗಳ ದುಷ್ಪರಿಣಾಮಗಳನ್ನು ಕ್ರಮಾಂಕ ಹಾಕಿ ಬರೆಸುವ ನವತರುಣ ಶಿಕ್ಷಕನು, ತನಗರಿವಿಲ್ಲದೆಯೇ, ಆ ಮಗುವನ್ನು ತಂದೆಯ ಮೇಲೆ ತೀರ್ಪುಗಾರಳನ್ನಾಗಿ ಕೂರಿಸುತ್ತಾನೆ. ಮದ್ದು ಬಿಡುವುದು ಏಕೆ ಅನಿವಾರ್ಯವಾಯಿತು, ಅಡಿಕೆಯ ಧಾರಣೆ ಎಷ್ಟಿದೆ, ಗದ್ದೆಯು ತೋಟವಾದದ್ದು ಯಾವ ಲೆಕ್ಕಾಚಾರದಿಂದ ಎಂಬ ವಿಚಾರಗಳನ್ನು ಆ ತಂದೆಯ ಬಾಯಿಂದಲೇ ಕೇಳಿಕೊಂಡು ಬರುವ ವಿನಯವನ್ನು ಕಲಿಸುವುದೇ ಪ್ರಶಿಕ್ಷಣದ ಅತ್ಯಂತ ಕಠಿನವಾದ ಭಾಗವೆಂದು ನನ್ನ ಅಭಿಪ್ರಾಯ. ದುರ್ದೈವದಿಂದ ಪಾಠಯೋಜನೆಯ ನಮೂನೆಯಲ್ಲಿ ಅದಕ್ಕೊಂದು ಕಲಮು ಇಲ್ಲ.

ಹಾಗೆಂದು ಮೌನವೂ ಸಲ್ಲದು. ಇದೇ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಮುತ್ತ ಗೇರುತೋಪುಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸಿದವನು ಬಡ ಕೃಷಿಕನಲ್ಲ, ಸರಕಾರದ ಗೇರು ಅಭಿವೃದ್ಧಿ ನಿಗಮ. ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಅದನ್ನು ತಡೆದದ್ದು 2011ರ ಮೇ 13ರಂದು. ಅಷ್ಟರಲ್ಲಿ ಹಾಸಿಗೆ ಹಿಡಿದ ಮಕ್ಕಳು ಆ ಊರುಗಳ ಹಲವು ಮನೆಗಳಲ್ಲಿದ್ದರು. ಈ ಅಧ್ಯಾಯವನ್ನು ಓದದೆ ಈ ಜಿಲ್ಲೆಯಲ್ಲಿ ಒಬ್ಬನು ಶಿಕ್ಷಕನಾಗಬಹುದೆಂಬುದು ನನಗೆ ಒಪ್ಪಿಗೆಯಾಗದ ಸಂಗತಿ. ದೋಷವನ್ನು ದುರ್ಬಲನ ತಲೆಗೆ ಕಟ್ಟದೆ, ನಿರ್ಣಯಗಳು ಯಾರಿಂದ, ಯಾರ ಹೆಸರಿನಲ್ಲಿ ಆಗುತ್ತವೆಂದು ವಿಚಾರಿಸುವ ಅಭ್ಯಾಸವು ಇಲ್ಲಿಂದಲೇ ಆರಂಭವಾಗಬಹುದು.

ಪ್ರಶಿಕ್ಷಣಾರ್ಥಿಗಳು ಕೇಳಿ ಕಲಿಯಬಹುದಾದ ಕೃಷಿಕರಲ್ಲೊಬ್ಬರಾಗಿ, ಬಂಟ್ವಾಳ ತಾಲೂಕಿನ ಕೇಪು ಗ್ರಾಮದಲ್ಲಿ ಅಮೈ ಮಹಾಲಿಂಗ ನಾಯ್ಕರೆಂಬವರಿದ್ದಾರೆ. ತೆಂಗು ಕಂಗುಗಳನ್ನೇರುವ ಕೂಲಿಯಿಂದ ಜೀವಿಸುತ್ತಿದ್ದ ಇವರು, ಬೋಳುಗುಡ್ಡದ ತಮ್ಮ ಜಾಗಕ್ಕೆ ನೀರು ತರಲು ಒಬ್ಬರೇ ಸುರಂಗ ಕೊರೆಯತೊಡಗಿ, ಒಂದಾದ ಮೇಲೊಂದು ವಿಫಲವಾದರೂ ಕೈಬಿಡದೆ ಕೊನೆಗೆ ನೀರನ್ನು ಕಂಡು ತೋಟವೆಬ್ಬಿಸಿದರು; 2022ರಲ್ಲಿ ಪದ್ಮಶ್ರೀಯು ಅವರನ್ನು ಹುಡುಕಿಕೊಂಡು ಬಂದಿತು. ಕೃಷಿ, ಕಸುಬುಗಳಲ್ಲಿ ಪರಿಣತರಾದ ಸ್ಥಳೀಯರನ್ನು ಬೋಧಕರಾಗಿ ಶಾಲೆಗೆ ಕರೆಸಿಕೊಳ್ಳಬಹುದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿಯೇ ಇದೆ. ಶಿಕ್ಷಣ ಮಹಾವಿದ್ಯಾಲಯಗಳು ಈ ಮಾತನ್ನು ತಮಗೂ ಅನ್ವಯಿಸಿಕೊಂಡು, ಆ 20 ವಾರಗಳಲ್ಲಿ ಒಂದನ್ನು ಕಟ್ಟ ಹಾಕುವ ಡಿಸೆಂಬರಿಗೂ ಇನ್ನೊಂದನ್ನು ಬಾವಿ ಬತ್ತತೊಡಗುವ ಮಾರ್ಚಿಗೂ ಎತ್ತಿಟ್ಟರೆ, ಅದಕ್ಕೆ ಹೊಸ ಶಾಸನವಾಗಲಿ ಅನುದಾನವಾಗಲಿ ಬೇಕಾಗಿಲ್ಲ. ವೇಳಾಪಟ್ಟಿಯನ್ನು ತಿದ್ದಿ, ಬಂದ ಕೃಷಿಕರಿಗೆ ಬಸ್ಸಿನ ಖರ್ಚನ್ನೂ ಒಂದು ದಿನದ ಕೂಲಿಯನ್ನೂ ಕೊಡುವ ಏರ್ಪಾಡಾದರೆ ಸಾಕು.