ಹಾರೂಗೇರಿ ಕ್ರಾಸಿಗೆ ಬಂದ ಕಪ್ಪು ಹಂಸ

ಕಪ್ಪು ಹಂಸ! ಬಿಳುಪಿಗೇ ಹೆಸರಾದ ಹಕ್ಕಿ, ಅಡಿಯಿಂದ ಮುಡಿಯವರೆಗೆ ಕರ್ರಗೆ, ನೀರಿನ ಮೇಲೆ ಸದ್ದಿಲ್ಲದೆ ತೇಲಿಕೊಂಡು ಬರುತ್ತಿದೆ! ನಾವು ಐದಾರು ಜನ ಒಂದೇ ಮೊಬೈಲಿಗೆ ತಲೆ ಕೂಡಿಸಿ ನೋಡುತ್ತಿದ್ದೆವು. ಕೈಯಲ್ಲಿದ್ದ ಚಾ ಆರಿ ಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ.

ಹಾರೂಗೇರಿ ಕ್ರಾಸಿನಲ್ಲಿ ಸಂಜೆ ಹೊತ್ತು ನಾವು ಕೂಡುವುದು ದೊಡ್ಡ ವಿಷಯ ಮಾತಾಡಲಿಕ್ಕಲ್ಲ. ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಕ್ಟರುಗಳ ಸಾಲು, ಅವುಗಳ ಟೇಪಿನ ಹಾಡು, ಆ ಗದ್ದಲದ ನಡುವೆಯೇ ನಮ್ಮ ಹರಟೆ. ಯಾರ ಮನೆಯಲ್ಲಿ ಕುಬಸ, ಯಾರ ಮಗನ ಜವಳ, ಚಿಂಚಲಿ ಮಾಯಕ್ಕನ ಜಾತ್ರೆಗೆ ಈ ಸಲ ಯಾರ ಗಾಡಿ, ಐತವಾರ ಗೋಕಾಕ ಫಾಲ್ಸಿಗೆ ಹೋಗುವುದೋ ಬಿಡುವುದೋ. ಅವತ್ತಿನ ಮಾತು ಒಂದು ತೊಟ್ಟಿಲ ಕಾರ್ಯಕ್ರಮದ್ದು. ಮಂಟಪ ಕಟ್ಟುವ ಗೆಳೆಯ ಥರ್ಮಾಕೋಲಿನಲ್ಲಿ ಜೋಡಿ ಹಂಸ ಕೊರೆದಿದ್ದ, ಬೆಳ್ಳಗೆ, ಕುತ್ತಿಗೆಗೆ ಕುತ್ತಿಗೆ ಬಾಗಿಸಿ. ಮದುವೆಯ ಕಾರ್ಡಿನಲ್ಲೂ ಅದೇ ಹಂಸ, ಸ್ಟೇಜಿನ ಹಿಂದೆಯೂ ಅದೇ, ಕೇಕಿನ ಮೇಲೂ ಅದೇ. ನಮ್ಮ ಯಾವ ಶುಭಕಾರ್ಯವೂ ಹಂಸವಿಲ್ಲದೆ ಆಗುವುದಿಲ್ಲ. ಆದರೆ ಜೀವಂತ ಹಂಸವನ್ನು ಕಂಡವರು ಎಷ್ಟು ಮಂದಿ?

ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಆಗಷ್ಟೇ ಬಂದಿದ್ದ ಗೆಳೆಯ ಮೊಬೈಲು ತೆಗೆದ. "ಹಂಸ ಕರ್ರಗೂ ಇರ್ತೈತಿ, ನೋಡ್ರಿಲ್ಲೆ."

"ಏ, ಎಡಿಟ್ ಮಾಡಿದ್ದಲೇ ಇದು!"

"ಇಲ್ಲಲೇ ದೋಸ್ತ, ಖರೇ ಐತಿ. ನಾ ನನ್ನ ಕಣ್ಣೀಲೆ ನೋಡಿ ಬಂದೇನಿ."

ಎಡಿಟ್ ಆಗಿರಲಿಲ್ಲ. ಶ್ರೀ ಚಾಮರಾಜೇಂದ್ರ ಮೃಗಾಲಯದ ಹಕ್ಕಿ ಅದು. ಉದ್ದನೆಯ ಕುತ್ತಿಗೆ ಮೇಲೆದ್ದು ಬಾಗಿ ಮತ್ತೆ ಮುಂದಕ್ಕೆ ಚಾಚಿತ್ತು. ಕೊಕ್ಕು ಈಗಷ್ಟೇ ಕುಂಕುಮ ಹಚ್ಚಿದಷ್ಟು ಕೆಂಪು, ಅದರ ತುದಿಯ ಹತ್ತಿರ ಅಡ್ಡಲಾಗಿ ಒಂದು ಬಿಳಿ ಪಟ್ಟಿ. ಬೆನ್ನಿನ ಗರಿಗಳು ಸಪಾಟಾಗಿಲ್ಲ, ಅಂಚು ಮುರಿದು ಸುರುಳಿಯಾಗಿ ಎದ್ದಿವೆ. ಅಷ್ಟರಲ್ಲಿ ಹಕ್ಕಿ ನೀರಿನಲ್ಲೇ ಎದ್ದು ನಿಂತು ಎರಡೂ ರೆಕ್ಕೆ ಬಿಚ್ಚಿ ಬಡಿಯಿತು. ಒಳಗೆಲ್ಲ ಬಿಳಿ! ರೆಕ್ಕೆಯ ಅಂಚಿನ ದೊಡ್ಡ ಗರಿಗಳು ಅಚ್ಚ ಬಿಳಿ! ಕೂತಾಗ ಒಂದೂ ಕಾಣದಂತೆ ಮಡಚಿಟ್ಟುಕೊಂಡಿದ್ದ ಬಿಳುಪು ಅದು. "ಇನ್ನೊಮ್ಮೆ ಹಚ್ಚು, ಇನ್ನೊಮ್ಮೆ ಹಚ್ಚು" ಎಂದು ಆ ಒಂದು ಕ್ಷಣವನ್ನೇ ಎಷ್ಟು ಸಲ ನೋಡಿದೆವೋ.

ಅಲ್ಲಿಂದ ನಾನು ಈ ಹಕ್ಕಿಯ ಬೆನ್ನು ಹತ್ತಿದೆ. ಹತ್ತಿದಷ್ಟೂ ಬೆರಗು ಬೆಳೆಯಿತು.

ಸುಮಾರು 1900 ವರ್ಷಗಳ ಹಿಂದೆ ರೋಮಿನ ಕವಿ ಜುವೆನಾಲ್, ಒಂದೂ ಕುಂದಿಲ್ಲದ ಹೆಂಡತಿ ಸಿಗುವುದು ಎಷ್ಟು ಅಪರೂಪ ಎನ್ನಲು ಕಪ್ಪು ಹಂಸವನ್ನು ಉದಾಹರಣೆಗೆ ತಂದ. ಅವನ ಪಾಲಿಗೆ ಅದು ಇಲ್ಲದ ವಸ್ತು. ಯುರೋಪಿನವರು ಆ ಮಾತನ್ನೇ ಹಿಡಿದುಕೊಂಡು ನೂರಾರು ವರ್ಷ ಬಾಳಿದರು. ಆಗದ ಹೋಗದ ಮಾತಿಗೆಲ್ಲ ಕಪ್ಪು ಹಂಸದ ಹೆಸರು. 1697ರ ಜನವರಿಯಲ್ಲಿ ಡಚ್ ನಾವಿಕ ವಿಲ್ಲೆಮ್ ಡಿ ವ್ಲಾಮಿಂಗ್ ಆಸ್ಟ್ರೇಲಿಯಾದ ಪಶ್ಚಿಮ ದಂಡೆಯಲ್ಲಿ ಒಂದು ನದಿಯೊಳಗೆ ದೋಣಿ ಬಿಟ್ಟ. ನದಿಯ ತುಂಬ ಕಪ್ಪು ಹಂಸಗಳು! ಒಂದಲ್ಲ, ಎರಡಲ್ಲ, ಹಿಂಡು ಹಿಂಡು. ಅವನ ಜನ ಕೆಲವನ್ನು ಜೀವಂತ ಹಿಡಿದು ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ ಒಯ್ದರು. ನದಿಗೆ ಹಂಸನದಿ ಎಂದೇ ಹೆಸರಾಯಿತು. ಇಂದು ಪರ್ತ್ ನಗರ ನಿಂತಿರುವುದು ಅದೇ ನದಿಯ ದಂಡೆಯಲ್ಲಿ, ಆ ರಾಜ್ಯದ ಬಾವುಟದ ಮೇಲೂ ಅದೇ ಹಕ್ಕಿ. 1790ರಲ್ಲಿ ಇಂಗ್ಲೆಂಡಿನ ಜಾನ್ ಲೇಥಮ್ ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ಮುಂದೆ ಕಾರ್ಲ್ ಪಾಪರ್ ಎಂಬ ತತ್ತ್ವಜ್ಞಾನಿ ಹಂಸಗಳನ್ನೇ ಹಿಡಿದು ವಾದಿಸಿದ: ಬಿಳಿ ಹಂಸ ಎಷ್ಟೇ ಕಂಡಿರಿ, ಹಂಸಗಳೆಲ್ಲ ಬಿಳಿ ಎಂದು ಸಾಧಿಸಿದಂತಾಗುವುದಿಲ್ಲ. ಯಾರೂ ಎಣಿಸದೆ ಬಂದೆರಗುವ ದೊಡ್ಡ ಘಟನೆಗಳ ಬಗ್ಗೆ ನಸೀಮ್ ನಿಕೊಲಸ್ ತಾಲೆಬ್ 2007ರಲ್ಲಿ ಪುಸ್ತಕ ಬರೆದಾಗ ಇಟ್ಟ ಹೆಸರೂ 'ದಿ ಬ್ಲ್ಯಾಕ್ ಸ್ವಾನ್'. ಇಂದು ಶೇರು ಪೇಟೆಯವರ ಬಾಯಲ್ಲೂ ಅದೇ ಮಾತು.

ಆದರೆ ನನಗೆ ಹೆಚ್ಚು ಸೋಜಿಗ ಎನಿಸಿದ್ದು ಬೇರೆ. ಆ ನದಿಯ ದಂಡೆಯ ನೂಂಗಾರ್ ಜನರಿಗೆ ಈ ಹಕ್ಕಿ ಎಂದಿನಿಂದಲೋ ಗೊತ್ತು. ಅವರು ಅದನ್ನು 'ಮಾಲಿ' ಎನ್ನುತ್ತಾರೆ. ರೋಮಿನಲ್ಲಿ ಕವಿ ಅದನ್ನು ಇಲ್ಲ ಎನ್ನುತ್ತಿದ್ದಾಗ ಆ ನದಿಯ ದಂಡೆಯ ಮಕ್ಕಳು ಅದರ ಮರಿಗಳನ್ನು ನೋಡುತ್ತ ಬೆಳೆಯುತ್ತಿದ್ದರು! ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಒಂದು ಕತೆ ಇದೆ. ಹಂಸಗಳು ಮೊದಲು ಬಿಳಿಯಾಗಿದ್ದವಂತೆ. ಹದ್ದುಗಳು ಮೇಲೆ ಬಿದ್ದು ಗರಿಗಳನ್ನೆಲ್ಲ ಕಿತ್ತು ಹಾಕಿದಾಗ, ಚಳಿಗೆ ನಡುಗುತ್ತ ಬಿದ್ದ ಹಂಸಗಳಿಗೆ ಕಾಗೆಗಳು ತಮ್ಮ ಗರಿ ಉದುರಿಸಿ ಮೈ ಮುಚ್ಚಿದವಂತೆ. ಕೊಕ್ಕಿನ ಕೆಂಪು ಆ ದಿನದ ರಕ್ತ. ಇದನ್ನು ಓದಿದಾಗ ಮೈ ಜುಮ್ಮೆಂದಿತು. ಯಾಕೆಂದರೆ ನಮ್ಮ ಮಹಾಭಾರತದ ಕರ್ಣಪರ್ವದಲ್ಲೂ ಶಲ್ಯ ಕರ್ಣನಿಗೆ ಹಂಸ ಮತ್ತು ಕಾಗೆಯ ಕತೆಯನ್ನೇ ಹೇಳುತ್ತಾನೆ. ಜಂಬದ ಕಾಗೆ ಹಂಸದೊಡನೆ ಪಂದ್ಯ ಕಟ್ಟಿ, ನಡುಗಡಲಿನಲ್ಲಿ ಸೋತು ನೀರಿಗೆ ಬೀಳುತ್ತದೆ. ಹಂಸ ಅದನ್ನು ಬೆನ್ನ ಮೇಲೆ ಹೊತ್ತು ದಡಕ್ಕೆ ತರುತ್ತದೆ. ನಮ್ಮಲ್ಲಿ ಕಾಗೆಯನ್ನು ಹಂಸ ಉಳಿಸಿತು, ಅಲ್ಲಿ ಹಂಸವನ್ನು ಕಾಗೆ ಉಳಿಸಿತು. ನಡುವೆ ಇಡೀ ಹಿಂದೂ ಮಹಾಸಾಗರ!

ಇನ್ನು ಈ ಹಕ್ಕಿಯ ಸಂಸಾರ. ಜೊಂಡು, ಹುಲ್ಲು ಒಟ್ಟಿ ನೀರಿನಲ್ಲಿ ದೊಡ್ಡ ಗುಡ್ಡೆಯನ್ನೇ ಕಟ್ಟುತ್ತದೆ. ಐದಾರು ಮೊಟ್ಟೆ. ಹೆಣ್ಣು ಗಂಡು ಪಾಳಿ ಹಚ್ಚಿ 35ರಿಂದ 40 ದಿನ ಕಾವು ಕೊಡುತ್ತವೆ. ಹೊರಬರುವ ಮರಿಗಳ ಮೈಮೇಲೆ ಬಿಳಿಚಾದ ಬೂದು ತುಪ್ಪಳ. ಕಪ್ಪು ಮೈಯವರ ಮಕ್ಕಳು ಹೆಚ್ಚುಕಡಿಮೆ ಬೆಳ್ಳಗೆ! ದಣಿದರೆ ತಾಯಿತಂದೆಯ ಬೆನ್ನೇರಿ ಕೂತು ಸವಾರಿ. ವರ್ಷಕ್ಕೊಮ್ಮೆ ರೆಕ್ಕೆಯ ದೊಡ್ಡ ಗರಿಗಳೆಲ್ಲ ಒಟ್ಟಿಗೇ ಉದುರುತ್ತವೆ, ಹೊಸದು ಬರುವವರೆಗೆ ಹಾರಲಾಗದು. ಇಷ್ಟು ಗಟ್ಟಿಮುಟ್ಟಾಗಿ ಕಾಣುವ ಹಕ್ಕಿ ಹಕ್ಕಿಜ್ವರಕ್ಕೆ ಮಾತ್ರ ಬಲು ಬೇಗ ತುತ್ತಾಗುತ್ತದೆ. ಅದರ ವಂಶವಾಹಿಗಳನ್ನು ಪೂರ್ತಿ ಓದಿದ ವಿಜ್ಞಾನಿಗಳು 2023ರಲ್ಲಿ ಹೇಳಿದ್ದು, ವೈರಸ್ಸನ್ನು ಗುರುತು ಹಿಡಿಯಬೇಕಾದ ರೋಗನಿರೋಧಕ ವ್ಯವಸ್ಥೆಯಲ್ಲೇ ಅದಕ್ಕೆ ಕೊರತೆ ಇದೆ ಎಂದು. 2017ರ ಜನವರಿಯಲ್ಲಿ ಹಕ್ಕಿಜ್ವರದಿಂದ ಮೈಸೂರು ಮೃಗಾಲಯವನ್ನು ಸುಮಾರು ಒಂದು ತಿಂಗಳು ಮುಚ್ಚಿದ್ದು ನೆನಪಾಗಿ ನನಗೆ ಎದೆ ಧಸಕ್ಕೆಂದಿತು. ಅಂಥ ಕಾಯಿಲೆಯ ನಡುವೆ ಈ ಹಕ್ಕಿಗಳನ್ನು ಉಳಿಸಿಕೊಳ್ಳುವವರ ಕೆಲಸ ಸಣ್ಣದಲ್ಲ.

ತೊಟ್ಟಿಲಿನ ಮಂಟಪಕ್ಕೆ ಮರಳುತ್ತೇನೆ. ಮಂಟಪ ಕಟ್ಟುವ ಗೆಳೆಯನಿಗೆ ಹಟ ಹತ್ತಿತು, ಒಂದು ಹಂಸವನ್ನು ಕಪ್ಪು ಮಾಡಿಯೇ ಸೈ. ಮನೆಯ ಸೊಸೆಯಂದಿರು ಹೌಹಾರಿದರು. ಶುಭಕಾರ್ಯದಲ್ಲಿ ಕಪ್ಪೇ? ಕೂಸಿನ ಗಲ್ಲದ ಮೇಲಿನ ದೃಷ್ಟಿಬೊಟ್ಟು ಬಿಟ್ಟರೆ ತೊಟ್ಟಿಲ ಸುತ್ತ ಕಪ್ಪು ತರುವವರುಂಟೇ? ಆಗ ಆ ಮನೆಯ ಆಯಿ ಕೂತಲ್ಲಿಂದಲೇ ಕೇಳಿದರು: "ಯಾಕ, ನಮ್ಮ ಪಂಢರಪುರದ ವಿಠೋಬಾ ಕರ್ರಗಿಲ್ಲೇನು?"

ಮುಂದೆ ಮಾತಿಲ್ಲ. ಆಯಿ ಅಷ್ಟಕ್ಕೆ ನಿಲ್ಲಲಿಲ್ಲ. ಟ್ರಂಕು ತೆಗೆಸಿ ತಮ್ಮ ಮದುವೆಯ ಚಂದ್ರಕಾಳಿ ಸೀರೆ ಹೊರಗೆ ಎಳೆಸಿದರು. ನಮ್ಮ ಕಡೆ ಹಿಂದೆ ಮದುಮಗಳ ಸೀರೆಗಳಲ್ಲಿ ಕಪ್ಪು ರೇಷ್ಮೆಯ ಚಂದ್ರಕಾಳಿ ಇರಲೇಬೇಕಿತ್ತು, ಮೇಲೆ ಕಸೂತಿ. ಬೇವಿನ ಸೊಪ್ಪಿನ ವಾಸನೆಯೊಂದಿಗೆ ಸೆರಗು ಬಿಚ್ಚಿಕೊಂಡಿತು. ಗೋಪುರ, ತೇರು, ತುಳಸಿ ವೃಂದಾವನ, ತೊಟ್ಟಿಲು, ಮತ್ತು ಅಲ್ಲೇ ಒಂದು ಸಾಲು ಹಂಸ! ನೇಯ್ಗೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕಿದ್ದು; ಗೆರೆ ಬರೆದುಕೊಂಡಿದ್ದಲ್ಲ, ಗಂಟು ಹಾಕಿದ್ದಲ್ಲ. ಗವಂತಿ ಹೊಲಿಗೆಯಾದ್ದರಿಂದ ಸೆರಗು ತಿರುಗಿಸಿದರೂ ಅದೇ ಹಂಸ. ಹೊರಗೆರೆ ಮಾತ್ರ ಬಿಳಿ ದಾರ, ಒಳಗೆಲ್ಲ ಸೀರೆಯದೇ ಕಪ್ಪು. ಬಿಳಿ ಅಂಚಿನ ಕಪ್ಪು ಹಂಸಗಳು! ಹಂಸನದಿಯ ಹೆಸರೂ ಕೇಳದ ಯಾವುದೋ ಕೈ ಇವನ್ನು ಟ್ರಂಕಿನೊಳಗೆ ಕೂರಿಸಿಟ್ಟಿತ್ತು. ನಾವು ಕ್ರಾಸಿನಲ್ಲಿ ಮೊಬೈಲು ಹಿಡಿದು ಬಾಯಿ ಬಿಟ್ಟಿದ್ದು ಇದಕ್ಕೇ! ಮಂಟಪದ ಗೆಳೆಯ ಆ ಸೆರಗಿನ ಫೋಟೋ ತೆಗೆದುಕೊಂಡು ಓಡಿದ. ತೊಟ್ಟಿಲಿನ ಎಡಬಲಕ್ಕೆ ಒಂದು ಬಿಳಿ, ಒಂದು ಕಪ್ಪು ಹಂಸ ನಿಂತವು. ಶೇಂಗಾ ಹೋಳಿಗೆ ತಿನ್ನಲು ಬಂದವರೆಲ್ಲ ಕಪ್ಪು ಹಂಸದ ಬಗಲಲ್ಲೇ ನಿಂತು ಫೋಟೋ ತೆಗೆಸಿಕೊಂಡರು.

ಜೀವಂತ ಕಪ್ಪು ಹಂಸವನ್ನೇ ನೋಡಬೇಕೆನ್ನುವವರಿಗೆ ದಾರಿ ಸುಲಭ. ರಾಯಬಾಗದಲ್ಲಿ ರಾಣಿ ಚೆನ್ನಮ್ಮ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ಮೈಸೂರು. ಮೃಗಾಲಯಕ್ಕೆ ಮಂಗಳವಾರ ರಜೆ, ಅದೊಂದು ನೆನಪಿರಲಿ. 1892ರಲ್ಲಿ ಅರಮನೆಯ ಮೃಗಾಲಯವಾಗಿ ಹುಟ್ಟಿದ ಜಾಗ ಅದು, ಒಂದಿಡೀ ದಿನ ಸಾಲದು.

ಅಷ್ಟು ದೂರ ಆಗದವರಿಗೆ ಇನ್ನೊಂದು ಬೆರಗು ಹತ್ತಿರದಲ್ಲೇ ಇದೆ. ಹಳೆಯ ಕಾವ್ಯಗಳ ಹಂಸ ನಿಜಕ್ಕೂ ಪಟ್ಟೆತಲೆ ಹೆಬ್ಬಾತು ಇರಬಹುದು ಎನ್ನುವ ವಿದ್ವಾಂಸರಿದ್ದಾರೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹಕ್ಕಿ, ಹಂಸದ ಕುಟುಂಬದ್ದೇ. ಮಂಗೋಲಿಯಾ, ಟಿಬೆಟ್, ಲಡಾಖಿನಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಚಳಿಗಾಲಕ್ಕೆ ನಮ್ಮ ಕಡೆ ಬರುತ್ತದೆ. ಇವು 7,000 ಮೀಟರಿಗಿಂತ ಮೇಲೆ ಹಾರಿದ್ದು ದಾಖಲಾಗಿದೆ, ಉಸಿರಾಡಲು ಗಾಳಿಯೇ ಸಾಲದ ಎತ್ತರ! ಇಳಿಯುವುದು ಎಲ್ಲಿ? ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ. 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅದೇ ಕೆರೆ. ನವೆಂಬರಿನಿಂದ ಸಾವಿರಗಟ್ಟಲೆ ಬಂದು, ಹಗಲು ನೀರಿನಲ್ಲಿ ವಿಶ್ರಾಂತಿ ಪಡೆದು, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ.

ಈ ಡಿಸೆಂಬರಿಗೆ ನಮ್ಮ ಟೆಂಪೊ ಅಲ್ಲಿಗೇ. ಆಯಿಗೆ ಮುಂದಿನ ಸೀಟು ಈಗಲೇ ಹಿಡಿದಾಗಿದೆ, ಬುತ್ತಿಗೆ ಎಷ್ಟು ರೊಟ್ಟಿ ಎಂಬುದರ ಮೇಲೆ ಕ್ರಾಸಿನಲ್ಲಿ ಇನ್ನೂ ಜಗಳ ನಡೆದಿದೆ.